ಕೆಂಚವ್ವನ ಇರುವೆ ಕುಣಿತ

ಒಂದು ರಾಜ್ಯ, ಅಲ್ಲೊಬ್ಬ ರಾಜ. ರಾಜ ಅಂದ್ಮೇಲೆ ಆಸ್ಥಾನ, ಆಸ್ಥಾನ ಅಂದ್ಮೇಲೆ ಒಬ್ಬ ನಾಟ್ಯಗುರು. ಅವನ ಹೆಸರು ಚನ್ನಿಗಪ್ಪ. ಮೂವತ್ತು ವರ್ಷದಿಂದ ಒಂದೇ ನವಿಲಿನ ಕುಣಿತ. ಅವನನ್ನ ಕಂಡ್ರೆ ಅರಮನೆ ನವಿಲುಗಳೇ ಮುಖ ತಿರುಗಿಸ್ತಿದ್ವು!

ಅದೇ ಊರಲ್ಲಿ ಕೆಂಚವ್ವ ಇದ್ದಳು. ಹೊಸ ಹೊಸ ಕುಣಿತ ಕಟ್ಟೋದೇ ಅವಳ ಕೆಲಸ. ಜನ ಹೆಂಗೆ ಬಾಗ್ತಾರೆ, ಹೆಂಗೆ ಏಳ್ತಾರೆ ಅಂತ ನೋಡೋಳು, ಹಿತ್ತಲಿಗೆ ಬಂದು ಅದನ್ನೇ ಹೆಜ್ಜೆ ಮಾಡೋಳು.

ಒಂದ್ಸಲ ಬಟ್ಟೆ ಒಗೆಯೋರನ್ನ ನೋಡಿ ಕುಣಿತ ಕಟ್ಟಿದಳು. ಚನ್ನಿಗಪ್ಪ ಬೇಲಿ ಸಂದೀಲಿ ಕದ್ದು ನೋಡ್ದ. ಮಾರನೇ ದಿನ ಅರಮನೇಲಿ ಕುಣಿದು "ಇದು ನಂದು" ಅಂದ. ರಾಜ ಶಾಲು ಹೊದಿಸ್ದ.

ಇನ್ನೊಂದ್ಸಲ ಮಗ್ಗ ನೇಯೋರನ್ನ ನೋಡಿ ಕಟ್ಟಿದಳು. ಮತ್ತೆ ಬೇಲಿ, ಮತ್ತೆ ಅರಮನೆ, ಮತ್ತೆ ಶಾಲು.

ಕೆಂಚವ್ವ ರಾಜನ ಹತ್ರ ಹೋದಳು. "ಬುದ್ಧಿ, ಎರಡೂ ನಾ ಹಿತ್ತಲಲ್ಲಿ ಕಟ್ಟಿದ್ದು. ಗುರುಗಳು ಬೇಲಿ ಸಂದೀಲಿ ನೋಡಿ ಕದ್ದಿದ್ದಾರೆ."

"ಅರಮನೆ ಗುರು ನಿನ್ನ ಹಿತ್ತಲಲ್ಲಿ ಕದೀತಾನೇನವ್ವಾ? ಸಾಕ್ಷಿ ಇಲ್ದೆ ಇನ್ನೊಂದ್ಸಲ ಬಂದ್ರೆ ಗೆಜ್ಜೆ ಕಿತ್ಕೋತೀನಿ. ಆಮೇಲೆ ಈ ರಾಜ್ಯದಲ್ಲಿ ನೀನು ಕುಣಿಯೋ ಹಂಗಿಲ್ಲ."

ಕೆಂಚವ್ವ ಹಿತ್ತಲಿಗೆ ಬಂದು ಗೆಜ್ಜೆ ಮಡಿಲಲ್ಲಿಟ್ಕೊಂಡು ಕೂತಳು. ಕುಣಿಯದೆ ಬದುಕೋದೆಂಗೆ? ಅಷ್ಟರಲ್ಲಿ ಕಾಲು ಚುರ್ ಅಂತು. ಕೆಂಪಿರುವೆ! ಅವಳಿಗೆ ನಗು ಬಂತು.

ಮಾರನೇ ದಿನ ಬೇಕಂತಲೇ ಇರುವೆ ಗೂಡಿನ ಮೇಲೆ ನಿಂತಳು. ಕಾಲು ಒದರಿದಳು. ಮೀನಖಂಡ ಉಜ್ಜಿದಳು. ಮೂರು ಸಲ ನೆಗೆದು ಸೊಂಟಕ್ಕೆ ಪಟ್ ಅಂತ ಹೊಡ್ಕೊಂಡಳು. ಬೇಲಿ ಸಂದೀಲಿ ಎರಡು ಕಣ್ಣು ಮಿಂಚ್ತಿದ್ವು.

ಅರಮನೇಲಿ ಚನ್ನಿಗಪ್ಪ ಒಂದನ್ನೂ ಬಿಡದೆ ಕುಣಿದ. ಕೆಂಚವ್ವ ಬಾಗಿಲ ಹತ್ರ ನಿಂತು ನೋಡ್ತಿದ್ದಳು.

"ಕಾಲು ಒದರೋದು ಯಾಕೆ ಗುರುಗಳೇ?" ರಾಜ ಕೇಳ್ದ.

"ಜೀವ ಹಳೇ ಜನ್ಮಗಳನ್ನ ಕೊಡವಿಕೊಳ್ಳೋದು, ಬುದ್ಧಿ."

"ಉಜ್ಜೋದು?"

"ವೈರಾಗ್ಯ."

"ಸೊಂಟಕ್ಕೆ ಹೊಡ್ಕೊಳ್ಳೋದು?"

"ಅದನ್ನ ಹೇಳಕ್ಕಾಗಲ್ಲ, ಅನುಭವಿಸ್ಬೇಕು."

ಪಂಡಿತರೆಲ್ಲ "ಆಹಾ!" ಅಂತ ಕಣ್ಣೊರೆಸಿಕೊಂಡ್ರು.

ಕೆಂಚವ್ವ ಮುಂದೆ ಬಂದಳು. "ನಿಜ ಬುದ್ಧಿ, ಅನುಭವಿಸ್ಲೇಬೇಕು. ನನ್ನ ಹಿತ್ತಲಲ್ಲಿ ಬರಿಗಾಲಲ್ಲಿ ಒಂದು ಗಳಿಗೆ ನಿಲ್ಲಿ. ಯಾರೂ ಕಲಿಸದೇನೇ ಈ ಕುಣಿತ ನಿಮಗೆ ಬರುತ್ತೆ. ಬರದಿದ್ರೆ ನನ್ನ ಗೆಜ್ಜೆ ನಿಮ್ಮದು."

ರಾಜ ಬಂದ, ಹಿಂದೇನೇ ಗುರು, ಪಂಡಿತರು. ಚಪ್ಪಲಿ ಬಿಟ್ಟ. ಅವಳು ತೋರಿಸಿದ ಕಡೆ ಗಂಭೀರವಾಗಿ ನಿಂತ. ಒಂದು, ಎರಡು, ಮೂರು... ಒದರಿದ! ಉಜ್ಜಿದ! ನೆಗೆನೆಗೆದು ಸೊಂಟಕ್ಕೆ ಪಟ್ ಅಂತ ಹೊಡ್ಕೊಂಡ!

"ಆಹಾ, ಏನು ವೈರಾಗ್ಯ!" ಅಂದ್ರು ಪಂಡಿತರು.

"ವೈರಾಗ್ಯ ಅಲ್ಲ ಕಣ್ರಯ್ಯಾ, ಇರುವೆ!" ರಾಜ ಕಿರುಚಿದ. ಆಮೇಲೆ ಗುರು ಕಡೆ ತಿರುಗಿದ. "ಇವಳ ಹಿತ್ತಲ ಇರುವೆ ನಿನ್ನ ಕುಣಿತಕ್ಕೆ ಹೆಂಗಯ್ಯಾ ಬಂತು?"

ಎರಡು ಶಾಲೂ ಚನ್ನಿಗಪ್ಪನ ಹೆಗಲಿಂದ ಇಳಿದು ಕೆಂಚವ್ವನ ಹೆಗಲೇರಿದ್ವು. ನಾಟ್ಯಗುರು ಪಟ್ಟಾನೂ ಅವಳದ್ದೇ ಆಯ್ತು. ಚನ್ನಿಗಪ್ಪ ಇನ್ಮೇಲೆ ಅವಳ ಶಿಷ್ಯ. ಪಾಠ ಎಲ್ಲಿ ಅಂತೀರಾ? ಅದೇ ಹಿತ್ತಲಲ್ಲಿ, ಬರಿಗಾಲಲ್ಲಿ.

ಅದಕ್ಕೇ ಹೇಳೋದು: ಇನ್ನೊಬ್ಬರು ಕಟ್ಟಿದ್ದನ್ನ ಕದೀಬೇಡಿ. ಹೆಜ್ಜೆ ಕದೀಬಹುದು, ಆ ಹೆಜ್ಜೆ ಯಾಕೆ ಹುಟ್ತು ಅನ್ನೋದನ್ನ ಕದಿಯಕ್ಕಾಗಲ್ಲ.