ಅವರೆ ಮೊಳಕೆ ಬೆನ್ನು ಕೊಟ್ಟು ಮೇಲೆ ಬಂದದ್ದು

ಭೂಮಿ ಇನ್ನೂ ಹೊಸದಾಗಿದ್ದ ಕಾಲ. ಯಾವ ಕಡೆ ಹರಿಯಬೇಕೆಂದು ಹೊಳೆಗಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಗಟ್ಟಿ ಮಣ್ಣಿನಲ್ಲಿ ಬೆಳೆಯಲು ಜೋಳವೊಂದೇ ಕಲಿತಿತ್ತು. ಅದರ ಮೊಳಕೆ ಸೂಜಿಯಂತೆ ಚೂಪು. ಎಂಥ ಮಣ್ಣಾದರೂ ಚುಚ್ಚಿಕೊಂಡು ಬರುತ್ತಿತ್ತು. ಹಾಗಾಗಿ ಮನೆಮನೆಯಲ್ಲಿ ರೊಟ್ಟಿ ಇತ್ತು. ರೊಟ್ಟಿಗೆ ಹಚ್ಚಿಕೊಳ್ಳಲು ಉಪ್ಪು ಬಿಟ್ಟರೆ ಏನೂ ಇರಲಿಲ್ಲ.

ಆ ಕಾಲದಲ್ಲಿ ಬಾಳವ್ವ ಎಂಬ ಸೊಸೆಯಿದ್ದಳು. ಅವಳಷ್ಟು ತೆಳ್ಳಗೆ ರೊಟ್ಟಿ ಬಡಿಯುವವರು ಯಾರೂ ಇರಲಿಲ್ಲ. ಆದರೆ ಅವಳ ಅತ್ತೆಯ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಒಣ ರೊಟ್ಟಿ ಗಂಟಲಲ್ಲಿ ಇಳಿಯದು. ನೀರಲ್ಲಿ ನೆನೆಸಿ ಕೊಟ್ಟರೆ, "ನಾನೇನು ಎಮ್ಮಿಯೇನು, ಮುಸುರಿ ಕುಡಿಯಾಕ?" ಎಂದು ತಟ್ಟೆ ಸರಿಸುತ್ತಿದ್ದಳು. ಅತ್ತೆ ದಿನದಿನಕ್ಕೆ ಸೊರಗಿದಳು. ಮಾತು ಮಾತ್ರ ಸೊರಗಲಿಲ್ಲ.

ಒಂದು ದಿನ ಬೆಳವಕ್ಕಿಯೊಂದು ಐದು ಅವರೆ ಬೀಜ ತಂದು ಅಂಗಳದಲ್ಲಿ ಉದುರಿಸಿತು.

"ಕುದಿಸಿದ್ರ ಬೆಣ್ಣಿಹಂಗ ಆಗತಾವ, ಬಾಳವ್ವ. ನಿಮ್ಮತ್ತಿಗೆ ಆಗತೈತಿ. ಹೊಳಿ ದಂಡಿ ಉಸುಕಿನಾಗ ಒಂದ ಬಳ್ಳಿ ಇತ್ತು, ಅದನ್ನೂ ಹೊಳಿ ಕೊಚ್ಚಿಕೊಂಡು ಹೋತು. ಇರೋದು ಇವಷ್ಟ."

ಬಾಳವ್ವ ಬೀಜ ಊರಿದಳು. ಅವಳ ಕೈಗೆ ಗೊತ್ತಿದ್ದುದು ಒಂದೇ ಕೆಲಸ. ಮಣ್ಣನ್ನು ನಾದಿದಳು, ಅಂಗೈಯಲ್ಲಿ ತಟ್ಟಿ ತಟ್ಟಿ ಚಪ್ಪಟೆ ಮಾಡಿದಳು, ಮೇಲೆ ನೀರು ಸವರಿದಳು. ಥೇಟ್ ರೊಟ್ಟಿಯೇ. ಸೂರ್ಯ ಅದನ್ನು ನೋಡಿ, ತನಗೇ ಬೇಯಿಸಲು ಕೊಟ್ಟಿದ್ದಾರೆಂದು ತಿಳಿದು ಚೆನ್ನಾಗಿ ಬೇಯಿಸಿದ. ಮಣ್ಣು ಹೆಂಚಿನಂತಾಯಿತು.

"ಭೂಮಿಗೂ ರೊಟ್ಟಿ ಬಡದ್ಯಾ?" ಅಂದಳು ಅತ್ತೆ. "ಮತ್ತ ಯಾವಾಗ ತಿರುವಿ ಹಾಕ್ತಿ?"

ಹತ್ತು ದಿನವಾದರೂ ಮೊಳಕೆ ಕಾಣಲಿಲ್ಲ. ಬಾಳವ್ವ ಉಗುರಿನಿಂದ ಕೆದಕಿ ನೋಡಿದಳು. ಮೊದಲ ಬೀಜದ ಎಳೆ ತಲೆ ಮುರಿದಿತ್ತು. ಎರಡನೆಯದೂ ಹಾಗೆಯೇ. ಮೂರನೆಯದೂ, ನಾಲ್ಕನೆಯದೂ ಹಾಗೆಯೇ. ಐದನೆಯದನ್ನು ಕೆದಕಲು ಕೈ ಬರಲಿಲ್ಲ. ಉಗುರು ತಾಗಿದರೆ ಅದರ ಕತ್ತೂ ಹೋದೀತು.

"ನೀರು ಹಾಕ್ತೀನಿ," ಅಂದಳು.

"ನಾ ಮತ್ತ ಬೇಯಿಸ್ತೀನಿ," ಅಂದ ಸೂರ್ಯ. "ನನಗ ಬರೋ ಕೆಲಸ ಅದೊಂದ."

ಮಣ್ಣಿನ ಕೆಳಗಿಂದ ಸಣ್ಣ ದನಿ ಬಂತು: "ಯವ್ವಾ, ಎಷ್ಟ ಗುದ್ದಿದ್ರೂ ಬಿಡವಲ್ದು. ತಲಿ ನೋಯಾಕತ್ತೈತಿ."

"ತಾಳು, ಗುದ್ದಬ್ಯಾಡ. ಏನರ ದಾರಿ ಇರತೈತಿ," ಅಂದಳು ಬಾಳವ್ವ. ದಾರಿ ಅವಳಿಗೂ ಗೊತ್ತಿರಲಿಲ್ಲ. ಬಿಡುವ ಮನಸ್ಸಂತೂ ಇರಲಿಲ್ಲ.

ಒಲೆ ಮಾತ್ರ ಯಾರ ಕಷ್ಟಕ್ಕೂ ಕಾಯುವುದಿಲ್ಲ. ಅವಳು ಹೋಗಿ ಹಂಚಿನ ಮೇಲೆ ರೊಟ್ಟಿ ಹಾಕಿದಳು, ತಿರುವಿದಳು. ರೊಟ್ಟಿ ಉಬ್ಬಿತು. ದಿನಾ ಉಬ್ಬುತ್ತಿತ್ತು; ಆ ದಿನ ಅವಳು ನೋಡಿದಳು.

"ಉಗಿಯಣ್ಣಾ, ನೀ ಬೀಜಕ್ಕಿಂತ ಮೆತ್ತಗದಿ. ಇಷ್ಟು ಗಟ್ಟಿ ಪದರ ಹೆಂಗ ಎತ್ತತಿ?"

"ನಾ ಚುಚ್ಚಂಗಿಲ್ಲ ತಂಗಿ," ಅಂದಿತು ರೊಟ್ಟಿಯೊಳಗಿನ ಉಗಿ. "ತಲಿ ತಗ್ಗಿಸ್ತೀನಿ, ಬೆನ್ನು ಕೊಡ್ತೀನಿ."

ಬಾಳವ್ವ ಓಡಿದಳು. ಹಂಚಿನ ಮೇಲೆ ರೊಟ್ಟಿ ಹೊತ್ತಿ ಕರಕಾಯಿತು. ಅವಳು ಮಣ್ಣಿಗೆ ಬಾಯಿ ಹಚ್ಚಿ ಹೇಳಿದಳು: "ಕೂಸ, ಗದ್ದ ಎದಿಗೆ ಹಚ್ಚು. ಬೆನ್ನಿಲೆ ಎತ್ತು."

"ತಲಿ ತಗ್ಗಿಸಿದ್ರ ಸೋತಂಗ ಅಲ್ಲೇನು?"

"ಅದನ್ನ ಮ್ಯಾಲ ಬಂದ ಮ್ಯಾಲ ಮಾತಾಡೂಣು. ಈಗ ಎತ್ತು."

ಬೀಜ ಎತ್ತಿತು. ದಣಿಯಿತು, ಮತ್ತೆ ಎತ್ತಿತು. ಮೂರನೆಯ ದಿನ ಮಣ್ಣು ರೊಟ್ಟಿಯಂತೆ ಉಬ್ಬಿತು, ಬಿರಿಯಿತು. ಬಿರುಕಿನಲ್ಲಿ ಹಸಿರು ಬೆನ್ನೊಂದು ಕಂಡಿತು. ಹೊರಗೆ ಬಂದ ಮೇಲೆಯೇ ಅದು ತಲೆಯೆತ್ತಿ ಎರಡು ಎಲೆ ಬಿಚ್ಚಿತು.

ಬಳ್ಳಿ ಹಬ್ಬಿತು, ಕಾಯಿ ಬಿಟ್ಟಿತು. ಬಾಳವ್ವ ಬೀಜಕ್ಕೆಂದು ಒಂದು ಬೊಗಸೆ ಎತ್ತಿಟ್ಟು, ಉಳಿದದ್ದನ್ನು ಮೆತ್ತಗೆ ಬೇಯಿಸಿ ಬಿಸಿ ರೊಟ್ಟಿಯೊಂದಿಗೆ ಅತ್ತೆಯ ಮುಂದಿಟ್ಟಳು. ಅತ್ತೆ ಪೂರ್ತಿ ಉಂಡಳು.

"ಉಪ್ಪು ಕಡಿಮಿ ಆಗೈತಿ," ಎಂದು ತಟ್ಟೆಯನ್ನು ಮತ್ತೆ ಮುಂದೆ ಚಾಚಿದಳು.

ಮರಿ, ನೀನು ಕುಂಡದಲ್ಲಿ ಅವರೆ ಬೀಜ ಊರಿ ಕಾದು ನೋಡು: ಇಂದಿಗೂ ಮೊದಲು ಮಣ್ಣು ಉಬ್ಬುತ್ತದೆ, ಆಮೇಲೆ ಬಾಗಿದ ಬೆನ್ನು ಬರುತ್ತದೆ, ತಲೆ ಎಲ್ಲಕ್ಕಿಂತ ಕೊನೆಗೆ.