ಗಾಳಿಯ ಕೈಲಿ ಈರುಳ್ಳಿ ಸುಲಿಸಿದ ಅಜ್ಜಿ

ಒಂದಾನೊಂದು ಊರು. ನಮ್ಮ ಸೀಮೆಯದಲ್ಲ. ಸಮುದ್ರ ದಾಟಿ, ಮತ್ತೊಂದು ಸಮುದ್ರ ದಾಟಿ ಹೋದರೆ ಫ್ರಾನ್ಸ್ ಅಂತ ಒಂದು ದೇಶವಂತೆ. ಅದರ ತೆಂಕಣ ತುದಿಯಲ್ಲಿ ಒಂದು ಗುಡ್ಡ. ಗುಡ್ಡದ ಮೇಲೆ ಆ ಊರು. ಪಾಂಡಿಚೇರಿಯ ಒಬ್ಬಳು ಮುದುಕಿ ದೊರೆಸಾನಿ ತನ್ನ ಅಡಿಗೆಮನೆಯಲ್ಲಿ ನಮ್ಮನೆಯವಳಿಗೆ ಹೇಳಿದ ಕತೆ ಇದು. ನಮ್ಮನೆಯವಳು ನನಗೆ ಹೇಳಿದಳು. ನಾನು ನಿಮಗೆ ಹೇಳ್ತೀನಿ. ನಡುವೆ ಏನಾದರೂ ಉದುರಿದ್ದರೆ ಅದು ನನ್ನ ಕೈಯಿಂದ ಉದುರಿದ್ದು.

ಆ ಊರಿನವರಿಗೆ ಒಳಗೆ ಕೂತು ಉಣ್ಣೋದು ಗೊತ್ತೇ ಇಲ್ಲವಂತೆ. ಊರ ನಡುವೆ ಒಂದು ದೊಡ್ಡ ಮರ. ಮರದ ಕೆಳಗೆ ಉದ್ದನೆಯ ಮೇಜು. ಊರಿಗೆಲ್ಲ ಒಂದೇ ಮೇಜು. ಮಧ್ಯಾಹ್ನವಾದರೆ ಯಾರ ಮನೆಯಲ್ಲಿ ಏನು ಮಾಡಿದ್ದಾರೋ ತಂದು ಇಡಬೇಕು. ಒಬ್ಬರ ಮನೆಯ ರೊಟ್ಟಿ. ಒಬ್ಬರ ಮನೆಯ ಮೇಕೆಹಾಲಿನ ಗಿಣ್ಣು. ಇನ್ನೊಬ್ಬರದು ಉಪ್ಪು ಹಾಕಿಟ್ಟ ಸಣ್ಣ ಮೀನು. ಬೆಳ್ಳುಳ್ಳಿ ಕುಟ್ಟಿ ಎಣ್ಣೆ ಬೆರೆಸಿದ ಗೊಜ್ಜು. ಉಂಡ ಮೇಲೆ ಗಂಡಸರು ಮರದ ಗುಂಡು ಉರುಳಿಸಿ ಆಡೋದು. ಯಾರ ಗುಂಡು ಗುರಿಗೆ ಹತ್ತಿರ ಅಂತ ಜಗಳ ಹತ್ತೋದು. ಹೆಂಗಸರು ಲಂಗದ ಅಂಚಿನ ದಾರ ಎಳೆದು ಅಳತೆ ಹಾಕಿ ಜಗಳ ಬಿಡಿಸೋದು. ಅವರ ಸುಖ ಅಷ್ಟೇ.

ಈ ಸುಖಕ್ಕೆಲ್ಲ ಬೇರು ಆಲಿವ್ ಮರ. ನೇರಳೆ ಹಣ್ಣಿನಷ್ಟು ಕಾಯಿ. ಹಿಂಡಿದರೆ ಎಣ್ಣೆ. ದೀಪಕ್ಕೂ ಅದೇ, ಒಗ್ಗರಣೆಗೂ ಅದೇ, ಕಾಲು ನೋವಿಗೂ ಅದೇ. ಬೇಸಿಗೆ ಬಾಗಿಲಿಗೆ ಬಂದಾಗ ಅದಕ್ಕೆ ಹೂವು. ಸಾಸಿವೆಗಿಂತ ಸ್ವಲ್ಪ ದೊಡ್ಡ ಹೂವು. ಅದು ನಿಂತರೆ ಊರು ನಿಂತಿತು. ಅದು ಉದುರಿದರೆ ಊರು ಉದುರಿತು.

ಆ ಸೀಮೆಯಲ್ಲಿ ಒಂದು ಗಾಳಿ ಉಂಟಂತೆ. ಬಡಗಣ ದಿಕ್ಕಿನಿಂದ ಬರೋದು. ಮಿಸ್ತ್ರಾಲ್ ಅಂತ ಹೆಸರು. ಯಜಮಾನ ಅಂತ ಅದರ ಅರ್ಥವಂತೆ. ಒಣ ಗಾಳಿ. ಹಸಿ ಬಟ್ಟೆಯನ್ನ ಹಲಗೆ ಮಾಡೋ ಗಾಳಿ. ಬಂದರೆ ಮೂರು ದಿನ ಇರ್ತಾನೆ. ಇಲ್ಲಾ ಆರು ದಿನ. ಇಲ್ಲಾ ಒಂಬತ್ತು. ಆಮೇಲೆ ಹೋಗಿಬಿಡ್ತಾನೆ. ಅವನಿಗೆ ಹೆದರಿ ಆ ಊರಲ್ಲಿ ಬಡಗಣ ಗೋಡೆಗೆ ಯಾರೂ ಕಿಟಕಿ ಇಡಲ್ಲ. ಹೆಂಚಿನ ಮೇಲೆ ಕಲ್ಲು ಹೇರಿರ್ತಾರೆ. ಊರಿಗೆ ಊರೇ ಅವನಿಗೆ ಬೆನ್ನು ಹಾಕಿ ಕೂತಿತ್ತು. ಅವನ ಮುಖ ನೋಡಿದವರು ಒಬ್ಬರೂ ಇರಲಿಲ್ಲ.

ಒಂದು ವರ್ಷ ಏನಾಯಿತು, ಆಲಿವ್ ಹೂ ಬಿಡೋ ಹೊತ್ತಿಗೆ ಸರಿಯಾಗಿ ಯಜಮಾನ ಬಂದ. ಮೂರು ದಿನ ಆಯಿತು, ಹೋಗಲಿಲ್ಲ. ಆರು ಆಯಿತು, ಹೋಗಲಿಲ್ಲ. ಒಂಬತ್ತೂ ಆಯಿತು. ಇನ್ನೂ ಜೋರಾದ. ಮೇಜಿನ ಮೇಲಿಟ್ಟ ತಟ್ಟೆ ಹಾರಿ ಪಕ್ಕದೂರಿಗೆ ಹೋಯಿತಂತೆ. ಜನ ಒಳಗೆ ಸೇರಿದರು. ಒಬ್ಬೊಬ್ಬರೇ ಗೋಡೆ ನೋಡಿಕೊಂಡು ತಣ್ಣಗಿನ ರೊಟ್ಟಿ ತಿಂದರು. ಹೊರಗೆ ಹೂವು ಉದುರುತ್ತಾ ಇತ್ತು.

ಆ ಊರಿಗೊಬ್ಬ ಗೌಡ. ಅಲ್ಲಿ ಏನಂತಾರೋ, ನಾವು ಗೌಡ ಅನ್ನೋಣ. ಬಾರ್ನಬೆ ಅಂತ ಹೆಸರು. ಹೊಟ್ಟೆ ದೊಡ್ಡದು, ಗಂಟಲು ಇನ್ನೂ ದೊಡ್ಡದು. ಅವನು ಮೊದಲು ತಮಟೆ ಬಡಿಸಿ ಕೂಗಿಸಿದ. "ಎಲೋ ಗಾಳಿ, ಇದು ಗೌಡನ ಅಪ್ಪಣೆ, ಊರು ಬಿಟ್ಟು ಹೋಗು!" ಗಾಳಿ ತಮಟೆ ಕಿತ್ತುಕೊಂಡು ಹೋಯಿತು. ಆಮೇಲೆ ಊರಿಗೆ ಅಡ್ಡ ಗೋಡೆ ಹಾಕಿಸಿದ. ಗಾಳಿ ಗೋಡೆ ಹಾರಿ ಬಂತು. ಕೊನೆಗೆ ಒಂದು ಕುರಿ ಬೇಯಿಸಿ, ಬಿಸಿಬಿಸಿ ಸಾರು ಮಾಡಿ, ಗುಡ್ಡದ ತುದಿಯಲ್ಲಿ ಎಡೆ ಇಡಿಸಿದ. ಗಾಳಿ ಸಾರಿನ ಹಬೆ ಕುಡಿಯಿತು, ಸಾರನ್ನ ಗೌಡನ ಅಂಗಿ ಮೇಲೆ ಚೆಲ್ಲಿತು.

ಗೌಡ ಅಂಗಿ ಹಿಂಡಿಕೊಂಡು ಊರಿನವರಿಗೆ ಹೇಳಿದ. "ಹೂವು ಇನ್ನೂ ಅರ್ಧ ಉಳಿದಿದೆ. ನಾಳೆ ಹೊತ್ತು ಮುಳುಗೋದರೊಳಗೆ ಇವನು ನಿಲ್ಲಲಿಲ್ಲ ಅಂದರೆ ಗಾಡಿ ಕಟ್ಟೋಣ. ಬೇರೆ ಸೀಮೆ ನೋಡಿಕೊಳ್ಳೋಣ."

ಎಲ್ಲರೂ ಹೂಂ ಅಂದರು. ಒಬ್ಬಳು ಮಾತ್ರ ಊಹೂಂ ಅಂದಳು. ಅವಳು ರೋಸ್ಲೀನಜ್ಜಿ. ಊರ ಕೊನೆಯ ಮನೆ. ಗಂಡ ಇಲ್ಲ, ಮಕ್ಕಳಿಲ್ಲ. ಒಂದು ಈರುಳ್ಳಿ ಹೊಲ, ಒಂದು ಮೇಕೆ.

"ನನ್ನವನನ್ನ ಈ ಮಣ್ಣಿಗೆ ಕೊಟ್ಟಿದ್ದೀನಿ. ನಾನು ಬರಲ್ಲ ಗೌಡ."

"ಒಬ್ಬಳೇ ಇದ್ದು ಏನು ಮಾಡ್ತೀಯಜ್ಜಿ? ಗಾಳಿ ತಿಂತೀಯಾ?"

"ನೀನು ಹೋದ ಮೇಲೆ ತಿನ್ನೋದು ಬೇಕಾದಷ್ಟು ಉಳಿಯುತ್ತೆ, ಹೋಗಪ್ಪ" ಅಂದಳಂತೆ ಅಜ್ಜಿ.

ಮನೆಗೆ ಬಂದಳು. ಮೇಕೆ ಬಾಗಿಲಲ್ಲೇ ನಿಂತಿತ್ತು. ಆ ಕಾಲದಲ್ಲಿ ಮೇಕೆ ಮಾತಾಡೋದಂತೆ.

"ಅಜ್ಜಿ, ನನ್ನನ್ನೂ ಗಾಡಿಗೆ ಹತ್ತಿಸಬೇಡ. ಗಾಡಿ ಹತ್ತಿದರೆ ನನಗೆ ತಲೆ ಸುತ್ತುತ್ತೆ."

ಅಜ್ಜಿ ಒಳಗೆ ಬಂದಳು. ಬಡಗಣ ಗೋಡೆಗೆ ಹೋಗಿ ಕಿವಿ ಕೊಟ್ಟಳು. ತುಂಬಾ ಹೊತ್ತು ಕೇಳಿದಳು. ಆಮೇಲೆ ಮೇಕೆಗೆ ಹೇಳಿದಳು.

"ಇವರೆಲ್ಲ ಅವನಿಗೆ ಸಿಟ್ಟು ಬಂದಿದೆ ಅಂತಾರೆ. ಇದು ಸಿಟ್ಟಲ್ಲ ಕಣೆ. ಈ ಸದ್ದು ನನಗೆ ಗೊತ್ತು. ನನ್ನವನು ಹೋದಾಗ ನನ್ನ ಎದೆಯಲ್ಲಿ ಇದೇ ಸದ್ದು ಇತ್ತು."

ನಮ್ಮನೆಯವಳು ಈ ಜಾಗಕ್ಕೆ ಬಂದರೆ ಕತೆ ನಿಲ್ಲಿಸೋಳು. ಒಲೆ ನೋಡಿ ಬರ್ತೀನಿ ಅನ್ನೋಳು. ಬಂದು ಮತ್ತೆ ಹೇಳೋಳು.

ಬೆಳಗಾಯಿತು. ಊರಿನವರು ಗಂಟುಮೂಟೆ ಕಟ್ಟುತ್ತಾ ಇದ್ದರು. ಅಜ್ಜಿ ಹೊಲಕ್ಕೆ ಹೋಗಿ ಈರುಳ್ಳಿ ಕಿತ್ತಳು. ಬುಟ್ಟಿ ತುಂಬಿದಳು. ಎರಡು ಚಾಕು ತಗೊಂಡಳು. ಊರ ನಡುವಿನ ಮೇಜಿಗೆ ಬಂದು, ಬಡಗಣ ದಿಕ್ಕಿಗೆ ಮುಖ ಮಾಡಿ ಕೂತಳು. ಮೇಕೆ ಮೇಜಿನ ಕೆಳಗೆ ತೂರಿಕೊಂಡಿತು.

ಗಾಳಿ ಬಂತು. ಅಜ್ಜಿಯ ತಲೆವಸ್ತ್ರ ಹಾರಿತು. ಅವಳು ಏಳಲಿಲ್ಲ. ಬುಟ್ಟಿ ಅಲ್ಲಾಡಿತು. ಕಾಲು ಅಡ್ಡ ಕೊಟ್ಟು ಹಿಡಿದಳು. ಆಗ ಗಾಳಿಗೇ ಆಶ್ಚರ್ಯ ಆಯಿತಂತೆ. ಮನುಷ್ಯನ ರೂಪ ತಾಳಿ ಎದುರಿಗೆ ನಿಂತ. ತೆಂಗಿನ ಮರದಷ್ಟು ಎತ್ತರ. ಗಡ್ಡದ ತುಂಬಾ ಒಣ ಎಲೆ. ಅಲ್ಲಲ್ಲಿ ಹೆಂಚಿನ ಚೂರು.

"ಯಾರು ನೀನು, ನನಗೆ ಮುಖ ಕೊಟ್ಟು ಕೂತವಳು?"

"ಬಂದೆಯಾ. ಕೂತ್ಕೋ. ಅಷ್ಟೆತ್ತರ ನಿಂತರೆ ನನ್ನ ಕತ್ತು ನೋಯುತ್ತೆ."

ಅವನಿಗೆ ಯಾರೂ ಕೂತ್ಕೋ ಅಂದಿರಲಿಲ್ಲ. ಕೂತ.

"ನನ್ನ ಹತ್ತಿರ ಬಂದವರು ಸುಮ್ಮನೆ ಕೂರೋ ಹಾಗಿಲ್ಲ. ಹಿಡಿ ಚಾಕು. ಈರುಳ್ಳಿ ಸುಲಿ."

"ನಾನು ಯಜಮಾನ!"

"ಆಗಲಿ. ಯಜಮಾನರೂ ಊಟ ಮಾಡ್ತಾರಲ್ಲ."

ಅವನು ಒಂದು ಈರುಳ್ಳಿ ತಗೊಂಡ. ಚಾಕು ಮುಟ್ಟಿಸೋದರೊಳಗೆ ಸಿಪ್ಪೆ ಹಾರಿ ಅಜ್ಜಿಯ ಮುಖಕ್ಕೆ ಬಂತು. ಇನ್ನೊಂದು ತಗೊಂಡ. ಅದು ಕೈ ಜಾರಿ ಗೌಡನ ಅಂಗಳದಲ್ಲಿ ಬಿತ್ತು. ಮೇಜಿನ ಕೆಳಗಿಂದ ಮೇಕೆ ಪಕ್ ಅಂತ ನಕ್ಕಿತು.

"ನಿನ್ನ ಹೆಂಡತಿ ಇದ್ದಾಗ ಒಂದಾದರೂ ಈರುಳ್ಳಿ ಸುಲಿದುಕೊಟ್ಟಿದ್ದೀಯಾ?" ಅಂದಳು ಅಜ್ಜಿ.

ಅವನು ತಲೆ ತಗ್ಗಿಸಿದ. "ಇಲ್ಲ."

"ಅಂದುಕೊಂಡೆ."

ಅಜ್ಜಿ ತಾನೂ ಒಂದು ಈರುಳ್ಳಿ ತಗೊಂಡು ಸುಲಿದಳು. ಆಮೇಲೆ ಅವನೇ ಹೇಳಿದನಂತೆ.

"ಅವಳು ಕಡಲ ಮೋಡ. ಗುಂಡಗೆ, ಕಪ್ಪಗೆ ಇದ್ದಳು. ನಾನು ಮುಂದೆ, ಅವಳು ಹಿಂದೆ. ಮೆಲ್ಲಗೆ ಬರೋಳು. ಹೋದ ಬಿತ್ತನೆ ಹೊತ್ತಿಗೆ ಈ ಗುಡ್ಡದ ಮೇಲೆ ನಿಂತಳು. ಸುರಿದಳು. ಸುರಿದು ಸುರಿದು ಮುಗಿದೇ ಹೋದಳು. ತಿರುಗಿ ನೋಡ್ತೀನಿ, ಇಲ್ಲ. ಹುಡುಕ್ತಾ ಇದ್ದೀನಿ. ಹೆಂಚು ಎತ್ತಿ ನೋಡಿದೆ. ಬಾವಿ ನೋಡಿದೆ. ಒಂದೊಂದು ಮರದ ಒಂದೊಂದು ಎಲೆ ಮಗುಚಿ ನೋಡಿದೆ."

"ಒಂದು ಸಲವಾದರೂ ಅತ್ತೆಯಾ?"

"ಅಳೋಕೆ ಆಗಲ್ಲ ಅಜ್ಜಿ. ಕಣ್ಣಿಗೆ ನೀರು ಬರೋದರೊಳಗೆ ನನ್ನ ಉಸಿರೇ ಒಣಗಿಸಿಬಿಡುತ್ತೆ."

ಅಜ್ಜಿ ತಲೆ ಆಡಿಸಿದಳು. ಬುಟ್ಟಿಯಿಂದ ಒಂದು ದಪ್ಪ ಈರುಳ್ಳಿ ಆರಿಸಿ ಅವನ ಅಂಗೈ ಮೇಲಿಟ್ಟಳು.

"ಎಲ್ಲಾ ಕಡೆ ನೋಡಿದೆ. ಇಲ್ಲಿ ನೋಡಲಿಲ್ಲ. ಅವತ್ತು ನಾನು ಈರುಳ್ಳಿ ಸಸಿ ನೆಡ್ತಾ ಇದ್ದೆ. ನಿನ್ನ ಹೆಂಡತಿ ನನ್ನ ಬೆನ್ನ ಮೇಲೆ ಸುರಿದಳು. ನಾನು ನೆನೆದೆ, ಹೊಲ ನೆನೆಯಿತು. ಈ ಈರುಳ್ಳಿ ಕುಡಿದದ್ದು ಅವಳನ್ನೇ."

ಗಾಳಿ ಎದ್ದೇಬಿಟ್ಟ. ಮೇಜು ನಡುಗಿತು. "ಎಲ್ಲಿ? ಎಲ್ಲಿದ್ದಾಳೆ?"

"ಹಾಗೆ ಊದಬೇಡ! ಊದಿದರೆ ಹಾರಿಹೋಗ್ತಾಳೆ. ಕೂತ್ಕೋ. ಒಂದೊಂದೇ ಪದರ ಬಿಡಿಸು. ಹತ್ತಿರ ಹಿಡಿ. ಬಗ್ಗಿ ನೋಡು. ಉಸಿರು ಬಿಗಿ ಹಿಡಿ."

ಅವನು ಕೂತ. ಬಗ್ಗಿದ. ಹುಟ್ಟಿದ ಮೇಲೆ ಮೊದಲ ಸಲ ಉಸಿರು ಹಿಡಿದ.

ಊರು ನಿಶ್ಶಬ್ದ ಆಯಿತು. ಮರದ ಎಲೆ ನಿಂತಿತು. ಹೆಂಚು ನಿಂತಿತು. ಗಂಟು ಕಟ್ಟುತ್ತಿದ್ದವರು ಕೈ ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿದರು. ಯಾರ ಮನೆಯಲ್ಲೋ ಮಗು ಸೀನಿದ್ದು ಊರಿಗೆಲ್ಲ ಕೇಳಿಸಿತಂತೆ.

ಅವನು ಒಂದು ಪದರ ಬಿಡಿಸಿದ. ಇನ್ನೊಂದು ಬಿಡಿಸಿದ. ಮತ್ತೊಂದು. ಘಾಟು ಎದ್ದಿತು. ಕಣ್ಣು ಉರಿಯಿತು. ಕಣ್ಣಿನ ಅಂಚಿಗೆ ಒಂದು ಹನಿ ಬಂದು ನಿಂತಿತು. ಒಣಗಲಿಲ್ಲ. ಅದರ ಹಿಂದೆ ಇನ್ನೊಂದು.

"ಅಜ್ಜಿ, ಇದು ಅವಳದೇ ನೀರಾ?"

"ಮತ್ತಿನ್ಯಾರದ್ದು? ನಿನ್ನ ಹತ್ತಿರ ನೀರೆಲ್ಲಿತ್ತು?"

ಅವನು ಅತ್ತ. ಬುಟ್ಟಿ ಈರುಳ್ಳಿ ಮುಗಿಯೋವರೆಗೂ ಅತ್ತ. ಗಡ್ಡದಿಂದ ನೀರು ಇಳಿದು ಒಣ ಎಲೆಯೆಲ್ಲ ಜಾರಿ ಬಿತ್ತು. ಅಜ್ಜಿ ಪಕ್ಕದಲ್ಲಿ ಕೂತು ತಾನೂ ಹೆಚ್ಚುತ್ತಾ ಇದ್ದಳು. ಅವಳ ಕಣ್ಣಲ್ಲೂ ನೀರು. ಈರುಳ್ಳಿಯದೋ, ಬೇರೆಯದೋ, ಯಾರು ಕೇಳ್ತಾರೆ?

ಆಮೇಲೆ ಅವನು ಒಂದು ಉಸಿರು ಬಿಟ್ಟ. ಮಗು ಅತ್ತು ಸುಸ್ತಾಗಿ ಬಿಡುತ್ತಲ್ಲ, ಅಂಥ ಉಸಿರು. ಆಲಿವ್ ಮರದ ಒಂದು ಹೂವೂ ಅಲ್ಲಾಡಲಿಲ್ಲ.

"ಹಸಿವಾಗ್ತಿದೆ ಅಜ್ಜಿ" ಅಂದ.

"ಆಗಬೇಕಲ್ಲ ಮತ್ತೆ."

ಅಜ್ಜಿ ಬೆಂಕಿ ಹಾಕಿದಳು. ಅಗಲವಾದ ಪಾತ್ರೆಗೆ ಎಣ್ಣೆ ಹುಯ್ದು ಈರುಳ್ಳಿ ಹಾಕಿದಳು. ಅವಸರ ಮಾಡಲಿಲ್ಲ. ಸಣ್ಣ ಉರಿಯಲ್ಲಿ ಅದು ಬೆಲ್ಲದ ಬಣ್ಣಕ್ಕೆ ಬರೋವರೆಗೂ ಬಾಡಿಸಿದಳು. ಉಬ್ಬಿದ ಹಿಟ್ಟು ತಟ್ಟಿ, ಅದರ ಮೇಲೆ ಈರುಳ್ಳಿ ಹರವಿ, ಉಪ್ಪು ಮೀನು, ಕರಿ ಆಲಿವ್ ಇಟ್ಟು, ಊರ ರೊಟ್ಟಿಗೂಡಿನಲ್ಲಿ ಸುಟ್ಟಳು. ವಾಸನೆ ಹೊರಟಿತು. ಗಾಳಿಯೇ ಅದನ್ನ ಮೆಲ್ಲಗೆ ಮನೆಮನೆಗೂ ಮುಟ್ಟಿಸಿ ಬಂದ.

ಬಾಗಿಲು ಒಂದೊಂದೇ ತೆರೆದುಕೊಂಡಿತು. ಮೊದಲು ಬಂದವನು ಗೌಡ. ಕೈಯಲ್ಲಿ ಆ ಹಾರಿಬಂದ ಈರುಳ್ಳಿ.

"ಇದು ನನ್ನ ಅಂಗಳದಲ್ಲಿ ಬಿದ್ದಿತ್ತು" ಅಂದ. ಎತ್ತರದವನನ್ನ ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

"ಕೂತ್ಕೋ ಗೌಡ" ಅಂದಳು ಅಜ್ಜಿ. "ಇವನೂ ನಮ್ಮ ಹಾಗೇ. ಇವನಿಗೂ ಒಂದು ಜಾಗ ಬಿಟ್ಟು ಕೂತ್ಕೋ."

ಊರಿಗೆ ಊರೇ ಬಂತು. ಕಟ್ಟಿದ ಗಂಟು ಬಿಚ್ಚಿ ರೊಟ್ಟಿ ತಂದರು, ಗಿಣ್ಣು ತಂದರು. ಬಿಸಿ ಅಂತ ಮಕ್ಕಳು ಕೈ ಒದರಿದರೆ ಯಜಮಾನ ಬಗ್ಗಿ ಉಫ್ ಅಂತ ಆರಿಸಿಕೊಟ್ಟ. ಉಂಡ ಮೇಲೆ ಗುಂಡಿನ ಆಟ. ಅವನೂ ಆಡಿದ. ಗೌಡನೇ ಗೆದ್ದ. ಅವನ ಗುಂಡು ಗುರಿಗೆ ಅಷ್ಟು ಹತ್ತಿರ ಉರುಳಿದ್ದು ಹೇಗೆ ಅಂತ ಮೇಕೆಗೆ ಗೊತ್ತಿತ್ತು. ಹೇಳಲಿಲ್ಲ.

ಹೊತ್ತು ಇಳಿದ ಮೇಲೆ ಅವನು ಎದ್ದ. "ಮತ್ತೆ ಬರಲಾ ಅಜ್ಜಿ?" ಅಂದ.

"ಬಾ. ಈರುಳ್ಳಿ ಕೀಳೋ ಹೊತ್ತಿಗೆ ಬಾ. ಕೈ ಬೇಕಾಗುತ್ತೆ."

ಅವನು ಹೋದ. ಅರ್ಧ ಹೂವು ಉಳಿದಿತ್ತು. ಆ ಅರ್ಧವೇ ಕಾಯಿ ಕಚ್ಚಿತು. ಆ ವರ್ಷ ಎಣ್ಣೆ ಸ್ವಲ್ಪ ಕಡಿಮೆ. ಆದರೆ ಸಾಕಾಯಿತು. ಗಾಡಿ ಯಾರೂ ಕಟ್ಟಲಿಲ್ಲ.

ಮೇಕೆ ಕೇಳಿತಂತೆ, "ಅಜ್ಜಿ, ಅವಳು ನಿಜವಾಗಿ ಅದರೊಳಗೆ ಇದ್ದಳಾ?"

"ಮಳೆ ಬಿತ್ತು. ಈರುಳ್ಳಿ ಕುಡೀತು. ಇನ್ನೆಲ್ಲಿಗೆ ಹೋಗ್ತಾಳೆ?" ಅಂದಳು ಅಜ್ಜಿ.

ಮಾರನೆಯ ದಿನ ಅಜ್ಜಿ ಗಾರೆಯವನನ್ನ ಕರೆಸಿ ತನ್ನ ಮನೆಯ ಬಡಗಣ ಗೋಡೆಗೆ ಒಂದು ಕಿಟಕಿ ಇಡಿಸಿದಳು. ಇಷ್ಟೇ ಇಷ್ಟು ಕಿಟಕಿ. ಆ ಸೀಮೆಯಲ್ಲೆಲ್ಲ ಬಡಗಣಕ್ಕೆ ಕಿಟಕಿ ಇರೋದು ಆ ಒಂದೇ ಮನೆಗಂತೆ. ಯಜಮಾನ ಈಗಲೂ ಬರ್ತಾನೆ. ಮೂರು ದಿನ, ಇಲ್ಲಾ ಆರು, ಇಲ್ಲಾ ಒಂಬತ್ತು. ಕಿಟಕಿ ಹತ್ತಿರ ಬಂದಾಗ ಮಾತ್ರ ಉಸಿರು ಹಿಡೀತಾನೆ.

ಅವರು ಅಲ್ಲಿ ಉಂಡು ಕೈ ತೊಳೆದರು. ನಾವು ಇಲ್ಲಿ ಕೇಳಿ ಕಣ್ಣು ಒರೆಸಿಕೊಂಡೆವು. ಕತೆ ಮುಗೀತು. ನಿಮ್ಮ ಮುಂದಿರೋ ಆ ಈರುಳ್ಳಿ ಬುಟ್ಟಿ ಇತ್ತ ತಳ್ಳಿರಿ, ನಾನು ಹೆಚ್ಚುತ್ತೀನಿ.