ಗಿಡವಿಲ್ಲದ ಗುಂಡಿಗೆ ನೀರು

ಹೊಳೆದಂಡೆಯ ಮಠದ ಮಾಳಿಗೆ ಮೇಲೆ ಸೋಲಾರ್ ಫಲಕಗಳಿದ್ದವು. ಅಲ್ಲಿಂದ ತಾಮ್ರದ ಪಟ್ಟಿಯೊಂದು ಗೋಡೆಗುಂಟ ಇಳಿದು ಅಡುಗೆಮನೆಯ ಹಿಂದಿನ ಗುಂಡಿಯೊಳಗೆ ಹೋಗಿತ್ತು.

ಮಠದ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಬೇಸಿಗೆ ಬಂತೆಂದರೆ ಅವರು ಆ ಗುಂಡಿಗೆ ತಪ್ಪದೆ ನೀರು ಹಾಕುವರು.

ಹೊಸ ಶಿಷ್ಯ ಗವಿಸಿದ್ಧ ಕೇಳಿದ: “ಅಜ್ಜಾರ, ಇಲ್ಲಿ ಗಿಡ ಇಲ್ಲ, ಬಳ್ಳಿ ಇಲ್ಲ. ಯಾರಿಗೆ ನೀರು ಹಾಕ್ತೀರಿ?”

“ಕುಡಿಯೋರು ಒಳಗ ಅದಾರ.”

“ಯಾರ್ರಿ?”

ಅಜ್ಜಾರು ನಕ್ಕು ಕೊಡ ಎತ್ತಿಕೊಂಡು ಹೋದರು. ಗವಿಸಿದ್ಧನ ಮೈ ಜುಮ್ಮೆಂದಿತು. ಗುಂಡಿಗೆ ಕೈ ಮುಗಿದ.

ಮುಂದೆ ಅಜ್ಜಾರು ಊರೂರು ಪ್ರವಚನಕ್ಕೆ ಹೊರಟರು. “ಗುಂಡಿ ಮರೀಬ್ಯಾಡ” ಎಂದಷ್ಟೇ ಹೇಳಿದರು.

ಅವನು ಮರೆಯುವವನೇ? ಇಂಥ ಜಾಗವನ್ನು ನಾಯಿ ನರಿ ತುಳಿಯಬಾರದೆಂದು ಗುಂಡಿಯ ಬಾಯಿಗೆ ಕಾಂಕ್ರೀಟ್ ಹಾಕಿ ಮುಚ್ಚಿದ. ಮೇಲೆ ನುಣುಪಾದ ಕಟ್ಟೆ ಕಟ್ಟಿದ. ದಿನಾ ಕಟ್ಟೆ ತೊಳೆದು, ವಿಭೂತಿ ಹಚ್ಚಿ, ಹೂ ಏರಿಸಿದ. ತೊಳೆದ ನೀರೆಲ್ಲ ಆಚೆ ಹರಿದುಹೋಯಿತು.

ಅಜ್ಜಾರು ಮರಳಿದ ಮಧ್ಯಾಹ್ನ, ಇನ್ನೂ ಮಳೆ ಬೀಳುವ ಮೊದಲೇ, ಮಾಳಿಗೆಗೆ ಸಿಡಿಲು ಹೊಡೆಯಿತು.

ಅಡುಗೆಮನೆಯ ಗೋಡೆಯಲ್ಲಿದ್ದ ಸೋಲಾರ್ ಇನ್ವರ್ಟರ್ ಢಮಾರೆಂದು ಸಿಡಿಯಿತು. ಅದರ ಪಕ್ಕದಲ್ಲೇ ರೊಟ್ಟಿ ಬಡಿಯುತ್ತಿದ್ದ ಮಠದ ಅಡುಗೆಯಾಕೆ ಶಾವಂತ್ರವ್ವ ಹಾರಿ ಬಿದ್ದಳು.

ಅಜ್ಜಾರು ಓಡಿ ಬಂದು ಅವಳ ತಲೆ ಎತ್ತಿ ಹಿಡಿದರು. ಉಸಿರಿತ್ತು. ಬಲಗೈ ಸುಟ್ಟಿತ್ತು. ಕಣ್ಣು ಬಿಟ್ಟಳು, ಆದರೆ ಕರೆದರೆ ಕಿವಿ ಕೇಳುತ್ತಿರಲಿಲ್ಲ. ಊರವರು ಅವಳನ್ನು ಜೀಪಿನಲ್ಲಿ ಆಸ್ಪತ್ರೆಗೆ ಒಯ್ದರು.

ಅಜ್ಜಾರು ಹಿತ್ತಲಿಗೆ ಬಂದರು. ಹೂ ಹೊತ್ತ ಕಟ್ಟೆ ನೋಡಿ ದಂಗಾಗಿ ನಿಂತರು.

“ಇದೇನೋ ಇದು?”

“ಒಳಗಿನೋರಿಗೆ ಕಟ್ಟಿ ಕಟ್ಟೀನ್ರಿ. ಒಂದಿನಾನೂ ಪೂಜಿ ತಪ್ಪಿಸಿಲ್ರಿ ಅಜ್ಜಾರ. ಆದ್ರೂ ಶಾವಂತ್ರವ್ವನ ಮ್ಯಾಲೆ ಯಾಕ ಸಿಟ್ಟಾದ್ರು?”

ಅಜ್ಜಾರು ಹಾರೆ ತಂದು ಕಟ್ಟೆ ಒಡೆಯತೊಡಗಿದರು. ಗವಿಸಿದ್ಧ ಹೆದರಿ ಕೆನ್ನೆ ಕೆನ್ನೆ ಬಡಿದುಕೊಂಡ.

ಕಾಂಕ್ರೀಟಿನ ಕೆಳಗೆ ಮಣ್ಣು ಒಣಗಿ ಬೂದಿಯಂತಾಗಿತ್ತು. ಅಜ್ಜಾರು ಒಂದು ಹಿಡಿ ತೆಗೆದುಕೊಂಡರು. ಅದು ಬೆರಳ ಸಂದಿಯಿಂದ ಉದುರಿಹೋಯಿತು.

“ಒಳಗಿರೋದು ಯಾವ ದೇವರ್ರಿ, ಅಜ್ಜಾರ?”

“ದೇವರಲ್ಲೋ, ತಾಮ್ರದ ಸಲಾಕಿ. ಮಣ್ಣು ಹಸಿ ಇದ್ರ ಸಿಡಿಲು ಮನಿ ಬಿಟ್ಟು ಅದರಗುಂಟ ಭೂಮಿಗೆ ಇಳೀತೈತಿ. ಇಷ್ಟು ಬಾಯಿಬಿಟ್ಟು ಹೇಳಾಕ ನನಗೇನ ಧಾಡಿ ಬಡದಿತ್ತು!”